ಗಡಿ ತಾಲೂಕುಗಳಲ್ಲಿ ಮೊದಲ ಕ್ಯಾಮೆರಾ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಫೋಟೊ ತೆಗೆಯುವುದು ಹವ್ಯಾಸಕ್ಕಿಂತ ಹೆಚ್ಚಾಗಿ ಕಸುಬಾಗಿಯೇ ಬೆಳೆಯಿತು. ಮೊದಲ ಕ್ಯಾಮೆರಾ ಯಾವುದಿರಬೇಕೆಂಬ ಪ್ರಶ್ನೆ ಇಲ್ಲಿ ಅಭಿರುಚಿಗೆ ಸೇರಿದ್ದಲ್ಲ, ಹೊಟ್ಟೆಪಾಡಿಗೆ ಸೇರಿದ್ದು. ಗಾಜಿನ ಪ್ಲೇಟಿನ ಕಾಲದಿಂದ ಡಿಎಸ್‌ಎಲ್‌ಆರ್ ಕಾಲದವರೆಗೂ ಅದಕ್ಕೆ ಉತ್ತರ ಕೊಟ್ಟದ್ದು ಕಂಪನಿಗಳ ಜಾಹೀರಾತಲ್ಲ. ತೆಗೆದದ್ದನ್ನು ಎಲ್ಲಿ ತೊಳೆಸಬೇಕು, ಕೆಟ್ಟರೆ ಎಲ್ಲಿಗೆ ಒಯ್ಯಬೇಕು, ಕೆಲಸ ಕಲಿಸಿದ ಗುರುವಿನ ಬಳಿ ಯಾವ ಲೆನ್ಸ್ ಇದೆ ಎಂಬ ಲೆಕ್ಕಗಳೇ ಆಯ್ಕೆಯನ್ನು ತೀರ್ಮಾನಿಸಿದವು.

ಈ ಸೀಮೆ ಕ್ಯಾಮೆರಾದ ಕಣ್ಣಿಗೆ ಬಿದ್ದದ್ದು ತಡವಾಗಿ. ಪ್ಯಾರಿಸ್‌ನಲ್ಲಿ 1839ರಲ್ಲಿ ಡಾಗೇರನ ಫೋಟೊ ತೆಗೆಯುವ ವಿಧಾನ ಪ್ರಕಟವಾಯಿತು. 1854ರಲ್ಲಿ ಮುಂಬಯಿಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಮರುವರ್ಷ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ವಿಜಯಪುರ, ಧಾರವಾಡ ಕಡೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನ ನಂತರ ಪಿಗೂ, ನೀಲ್ ಎಂಬವರು ಆ ಕೆಲಸ ಮುಂದುವರಿಸಿದರು. ಅವರೆಲ್ಲ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಸಂಪುಟಗಳಾಗಿ ಬಂದವು. ಸರಕಾರಕ್ಕೆ ಬೇಕಾಗಿದ್ದುದು ಗುಮ್ಮಟ, ಗುಡಿ, ಶಾಸನ. ಕೃಷ್ಣಾ, ದೂಧಗಂಗಾ ದಂಡೆಯ ತಂಬಾಕಿನ ಹೊಲಗಳಲ್ಲಿ, ಪೇಟೆಗಳಲ್ಲಿ ಇದ್ದದ್ದು ಮನುಷ್ಯರ ಮುಖಗಳು. ಆ ಮುಖಗಳಿಗೆ ದುಡ್ಡು ಕೊಟ್ಟು ಕೂರುವ ಗಿರಾಕಿ ಹುಟ್ಟುವವರೆಗೆ ಕ್ಯಾಮೆರಾ ಇತ್ತ ಬರಲಿಲ್ಲ.

ಅದು ಬಂದ ದಾರಿಯೂ ಗಮನಿಸತಕ್ಕದ್ದು. ಆಡಳಿತದ ನಕ್ಷೆಯಲ್ಲಿ ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗ ಸ್ವಾತಂತ್ರ್ಯದ ನಂತರದವರೆಗೂ ಕೊಲ್ಲಾಪುರ ಸಂಸ್ಥಾನದ್ದು. ಕಾಗವಾಡ ಹಿಂದೊಮ್ಮೆ ಪಟವರ್ಧನರ ಜಹಗೀರು. ನಿಪ್ಪಾಣಿ ಮತ್ತು ಕಾಗವಾಡಗಳಿಗೆ ಪ್ರತ್ಯೇಕ ತಾಲೂಕಿನ ಸ್ಥಾನ ಸಿಕ್ಕಿದ್ದು 2018ರಲ್ಲಿ. ವ್ಯಾಪಾರದ ನಕ್ಷೆ ಬೇರೆಯೇ ಇತ್ತು. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿಲೋಮೀಟರು; ಕಾಗವಾಡದವರಿಗೆ ಮಿರಜ ಕೂಗಳತೆಯ ಊರು. ಮಿರಜದಿಂದ ಬೆಳಗಾವಿಗೆ ಹೋಗುವ ರೈಲು ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗಗಳನ್ನು ಹಾದು ಹೋಗುತ್ತದೆ. ಅಥಣಿಗೂ ನಿಪ್ಪಾಣಿಗೂ ರೈಲೇ ಇಲ್ಲ, ಚಿಕ್ಕೋಡಿಯ ಹೆಸರು ಹೊತ್ತ ಚಿಕ್ಕೋಡಿ ರೋಡ್ ನಿಲ್ದಾಣ ಊರಿಂದ ದೂರ. ಕ್ಯಾಮೆರಾ, ಕಾಗದ, ರಸಾಯನ ಎಲ್ಲವೂ ಮುಂಬಯಿಯಿಂದ ಪುಣೆ, ಮಿರಜ, ಕೊಲ್ಲಾಪುರಗಳ ಮೂಲಕ ಇಳಿದು ಬರಬೇಕಾಗಿತ್ತು. ಬೆಂಗಳೂರಿನ ಫೋಟೊ ಪೇಟೆ ಈ ಭಾಗದವರ ಲೆಕ್ಕಕ್ಕೆ ಬಂದದ್ದು ಬಹಳ ಈಚೆಗೆ.

ಕೊಲ್ಲಾಪುರದ ಪ್ರಭಾವ ಸಾಮಾನ್ಯದ್ದಲ್ಲ. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಸೋದರ ಸಂಬಂಧಿಗಳಾದ ಆನಂದರಾವ್ ಮತ್ತು ಬಾಬುರಾವ್ ಮೇಸ್ತ್ರಿ ಅಲ್ಲಿಯವರು. ಆನಂದರಾವ್ 1916ರಲ್ಲಿ ತೀರಿಕೊಂಡ ಮೇಲೆ ಬಾಬುರಾವ್ ಪೇಂಟರ್ ಎಂದೇ ಹೆಸರಾದ ಬಾಬುರಾವ್ ತಮ್ಮ ಶಿಷ್ಯರೊಡನೆ ಸಿನೆಮಾ ಕ್ಯಾಮೆರಾವೊಂದನ್ನು 1918ರ ಹೊತ್ತಿಗೆ ಸ್ವತಃ ಕಟ್ಟಿದರು. 1920ರಲ್ಲಿ ಅವರ ‘ಸೈರಂಧ್ರಿ’ ಚಿತ್ರ ತೆರೆಕಂಡಿತು. ಪರದೆ ಬರೆಯುವ ಕೈ, ಲೆನ್ಸ್ ಬಿಚ್ಚಿ ಜೋಡಿಸುವ ಕೈ ಎರಡೂ ಹತ್ತಿರದ ಪೇಟೆಯಲ್ಲೇ ಇದ್ದದ್ದು ಸುತ್ತಲಿನ ಊರುಗಳ ಸ್ಟುಡಿಯೊ ಕಸುಬಿಗೆ ಒದಗಿದ ಭಾಗ್ಯ. ಕಂಬ, ಮೆಟ್ಟಿಲು, ತೋಟ ಬರೆದ ಪರದೆಯ ಮುಂದೆ ಕುರ್ಚಿ, ಹೂದಾನಿ ಇಟ್ಟು ತೆಗೆಸಿಕೊಂಡ ಕಪ್ಪು–ಬಿಳುಪು ಚಿತ್ರಗಳು ಈ ಭಾಗದ ಹಳೆಯ ವಾಡೆಗಳ ಪಡಸಾಲೆಯಲ್ಲಿ ಇನ್ನೂ ತೂಗುತ್ತವೆ.

ಆ ಕಾಲದ ಕ್ಯಾಮೆರಾ ಮರದ ಪೆಟ್ಟಿಗೆ, ಮುಂದೆ ಹಿತ್ತಾಳೆ ಸುತ್ತಿದ ಲೆನ್ಸ್, ಹಿಂದೆ ಕರಿಯ ಅರಿವೆ. ಫೋಟೊಗ್ರಾಫರ್ ಅರಿವೆಯೊಳಗೆ ತಲೆ ತೂರಿಸಿದರೆ ಮಸುಕು ಗಾಜಿನ ಮೇಲೆ ಮನುಷ್ಯ ತಲೆಕೆಳಗಾಗಿ ಕಾಣುತ್ತಿದ್ದ. ವಿದ್ಯುತ್ ಇಲ್ಲದ ಊರಲ್ಲಿ ಉತ್ತರ ದಿಕ್ಕಿನ ಕಿಟಕಿಯ ಬೆಳಕೇ ಬಂಡವಾಳ. ಒಂದು ಪ್ಲೇಟಿಗೆ ಒಂದೇ ಚಿತ್ರ. ಕಣ್ಣು ಮಿಟುಕಿದರೆ ದುಡ್ಡು ಹೋಯಿತು. ಮೆಟೋಲ್, ಹೈಡ್ರೊಕ್ವಿನೋನ್, ಹೈಪೊ ತೂಗಿ ಕಲಸುವುದು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ, ಸಿಡುಬಿನ ಕಲೆ ಮರೆಸುವುದು, ಪ್ರಿಂಟಿಗೆ ಕೈಯಿಂದ ಬಣ್ಣ ಹಚ್ಚುವುದು ಇವೆಲ್ಲ ಬಂದವನಿಗೆ ಮಾತ್ರ ಕ್ಯಾಮೆರಾ ಉಪಯೋಗಕ್ಕೆ ಬರುತ್ತಿತ್ತು. ಹೀಗಾಗಿ ಮೊದಲ ಕ್ಯಾಮೆರಾವನ್ನು ಆರಿಸುವ ಮಾತೇ ಇರಲಿಲ್ಲ. ಸ್ಟುಡಿಯೊದಲ್ಲಿ ವರ್ಷಗಟ್ಟಲೆ ತಟ್ಟೆ ತೊಳೆದು ಕಲಿತವನಿಗೆ ಗುರುವಿನ ಹಳೆಯ ಪೆಟ್ಟಿಗೆಯೇ ದಕ್ಕುತ್ತಿತ್ತು.

ಸ್ವಾತಂತ್ರ್ಯದ ನಂತರ 120 ಫಿಲ್ಮಿನ ಕಾಲ ಬಂತು. ಒಂದು ರೋಲಿಗೆ ಆರು ಸೆಂಟಿಮೀಟರ್ ಚೌಕದ 12 ಚಿತ್ರ. ಸೊಂಟದ ಮಟ್ಟಕ್ಕೆ ಹಿಡಿದು ಮೇಲಿನಿಂದ ಇಣುಕಿ ನೋಡುವ ಎರಡು ಲೆನ್ಸಿನ ಯಾಶಿಕಾ, ರೋಲಿಕಾರ್ಡ್‌ಗಳು ಸ್ಟುಡಿಯೊದ ಮಾನದಂಡವಾದವು. ಆದರೆ ವಿದೇಶಿ ಕ್ಯಾಮೆರಾದ ಆಮದಿನ ಮೇಲೆ ನಿರ್ಬಂಧ ಬಿಗಿಯಾಗಿತ್ತು. ಮುಂಬಯಿಯ ಸೆಕೆಂಡ್ ಹ್ಯಾಂಡ್ ಪೇಟೆಯೇ ಹೆಚ್ಚಿನವರಿಗೆ ಗತಿ. ದೇಶದಲ್ಲೇ ತಯಾರಾಗಿ ಸಾಮಾನ್ಯರ ಕೈಗೆ ಸಿಕ್ಕಿದ್ದು ಬರೋಡಾದಲ್ಲಿ ಜೋಡಿಸಿದ ಆಗ್ಫಾ ಕ್ಲಿಕ್ 3. ಬಿಸಿಲಿದ್ದರೆ ಅದು ಚೆನ್ನಾಗಿಯೇ ತೆಗೆಯುತ್ತಿತ್ತು, ಮಂಟಪದ ಮಬ್ಬಿನಲ್ಲಿ ಕೈಚೆಲ್ಲುತ್ತಿತ್ತು. ಫಿಲ್ಮಿನ ಕೊರತೆ ನೀಗಿಸಲೆಂದು 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನ ಸರಕು ಮಾರಿತು.

ಈ ಭಾಗದಲ್ಲಿ ಸ್ಟುಡಿಯೊಗಳಿಗೆ ಅನ್ನ ಕೊಟ್ಟದ್ದು ಲಗ್ನ ಮಾತ್ರವಲ್ಲ. ಉಗಾರದ ಸಕ್ಕರೆ ಕಾರಖಾನೆ 1939ರಲ್ಲಿ ಹುಟ್ಟಿದ ಕಂಪನಿಯದು. ಆಮೇಲೆ ಸಹಕಾರಿ ಕಾರಖಾನೆಗಳು ಬಂದವು. ಉದ್ಘಾಟನೆ, ವಾರ್ಷಿಕ ಸಭೆ, ಮಂತ್ರಿಗಳ ಹಾರ–ತುರಾಯಿ ಎಲ್ಲಕ್ಕೂ ಫೋಟೊ ಬೇಕು. ನಿಪ್ಪಾಣಿಯಂಥ ಬೀಡಿ ಪೇಟೆಯಲ್ಲಿ 1976ರ ಕಲ್ಯಾಣ ನಿಧಿ ಕಾಯ್ದೆಯ ಸೌಲಭ್ಯಗಳಿಗೆ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಗುರುತಿನ ಚೀಟಿ ಬೇಕಾಯಿತು, ಚೀಟಿಗೆ ಫೋಟೊ. ವರನ ಕಡೆಗೆ ಕಳಿಸುವ ಕನ್ಯೆಯ ನಿಂತ ಭಂಗಿಯ ಚಿತ್ರ, ಶಾಲೆ ಬಿಡುವಾಗಿನ ಗ್ರೂಪ್ ಫೋಟೊ, ತೀರಿಕೊಂಡ ಹಿರಿಯರದನ್ನು ದೊಡ್ಡದು ಮಾಡಿ ಗಂಧದ ಹಾರ ಹಾಕುವ ಚಿತ್ರ ಇವು ವರ್ಷವಿಡೀ ನಡೆಯುವ ಕೆಲಸ. ಭೋಜದ ಆಚಾರ್ಯ ಶಾಂತಿಸಾಗರರು, ಅಥಣಿಯ ಮುರುಘೇಂದ್ರ ಶಿವಯೋಗಿಗಳು ಭಕ್ತರ ಮನೆಗಳಲ್ಲಿ ಚೌಕಟ್ಟಿನೊಳಗಿದ್ದಾರೆ. ಕಟ್ಟು ಹಾಕುವ ಕೆಲಸವೂ ಬಹುಪಾಲು ಸ್ಟುಡಿಯೊಗಳದೇ. ಚಿಂಚಲಿ ಮಾಯಕ್ಕನ ಜಾತ್ರೆಯಂಥ ಜನಸಾಗರದಲ್ಲಿ ಊರಿಗೆ ಹಿಂದಿರುಗುವ ಮೊದಲು ಸಂಸಾರಸಮೇತ ಒಂದು ಫೋಟೊ ತೆಗೆಸುವುದು ಎಷ್ಟೋ ಕುಟುಂಬಗಳ ಪದ್ಧತಿಯಾಗಿತ್ತು.

ಆದರೂ ಈ ಸೀಮೆಯ ದೊಡ್ಡ ಘಟನೆಯೊಂದನ್ನು ದಾಖಲಿಸಲು ಕ್ಯಾಮೆರಾ ಹೊರಗಿನಿಂದ ಬರಬೇಕಾಯಿತು. ನಿಪ್ಪಾಣಿಯ ತಂಬಾಕು ಕಾರಖಾನೆಗಳ ಸ್ತ್ರೀ ಕಾರ್ಮಿಕರು ಸಂಘ ಕಟ್ಟಿದ ಕಥೆಯನ್ನು ದೀಪಾ ಧನರಾಜ್, ನವ್ರೋಜ್ ಕಾಂಟ್ರಾಕ್ಟರ್ ಮುಂತಾದವರ ‘ಯುಗಾಂತರ’ ತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವಾಗಿಸಿತು. ಅದರ ಹಿಂದಿನ ವರ್ಷವೇ ತಂಬಾಕು ಬೆಳೆಗಾರರ ಹೆದ್ದಾರಿ ತಡೆ ಗೋಲಿಬಾರಿನಲ್ಲಿ ಕೊನೆಗೊಂಡಿತ್ತು. ಊರ ಸ್ಟುಡಿಯೊಗಳು ಗಿರಾಕಿ ಹಣ ಕೊಟ್ಟದ್ದನ್ನು ತೆಗೆದವು. ಹಣ ಕೊಡುವವರಿಲ್ಲದ ಇತಿಹಾಸಕ್ಕೆ ರೋಲ್ ಖರ್ಚು ಮಾಡುವುದು ಅವುಗಳಿಗೆ ಸಾಧ್ಯವಿರಲಿಲ್ಲ.

1980ರ ದಶಕದಲ್ಲಿ ಬಣ್ಣ ಬಂತು, ಸ್ಟುಡಿಯೊದ ಹಣೆಬರಹ ಬದಲಾಯಿತು. ಕಪ್ಪು–ಬಿಳುಪನ್ನು ಮನೆಯ ಹಿಂದಿನ ಡಾರ್ಕ್ ರೂಮಿನಲ್ಲೇ ತೊಳೆಯಬಹುದಿತ್ತು. ಬಣ್ಣಕ್ಕೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕು, ಅದು ಕೊಲ್ಲಾಪುರ, ಸಾಂಗಲಿ, ಬೆಳಗಾವಿಯಂಥ ಊರುಗಳಿಗೇ ಸರಿ. ಲಗ್ನ ಮುಗಿದ ಮರುದಿನ ರೋಲುಗಳ ಚೀಲ ಹಿಡಿದು ಬಸ್ಸು ಹತ್ತುವುದು ಫೋಟೊಗ್ರಾಫರನ ಕೆಲಸದ ಭಾಗವಾಯಿತು. 36 ಚಿತ್ರದ ರೋಲು ಹಾಕುವ ಪೆಂಟಾಕ್ಸ್ ಕೆ1000, ಯಾಶಿಕಾ ಎಫ್‌ಎಕ್ಸ್–3, ಅನುಕೂಲವಿದ್ದವರಿಗೆ ನಿಕಾನ್ ಎಫ್‌ಎಂ2 ಆ ಕಾಲದ ಹೆಸರುಗಳು. ಇವುಗಳಲ್ಲಿ ಮೀಟರು ಬಿಟ್ಟರೆ ಉಳಿದದ್ದೆಲ್ಲ ಗಡಿಯಾರದ ಯಂತ್ರ. ಬ್ಯಾಟರಿ ಸತ್ತರೂ ಷಟರ್ ಹೊಡೆಯುತ್ತಿತ್ತು. ಮಳೆ, ಇಲ್ಲಿನ ಕರಿಮಣ್ಣಿನ ಧೂಳು ಎರಡನ್ನೂ ತಾಳಿಕೊಂಡ ಆ ಕ್ಯಾಮೆರಾಗಳಷ್ಟು ಬಾಳಿಕೆ ಮುಂದೆ ಯಾವುದಕ್ಕೂ ಬರಲಿಲ್ಲ.

ಒಂದು ಲಗ್ನಕ್ಕೆ ನಾಲ್ಕೈದು ರೋಲು ಎಂದರೆ ಇನ್ನೂರರ ಒಳಗೆ ಚಿತ್ರ. ಅಕ್ಕಿಕಾಳು ಬೀಳುವ ಗಳಿಗೆಗೆ ಎರಡು, ತಾಳಿಗೆ ಎರಡು, ಬೀಗರಿಗೆ ಒಂದೊಂದು ಎಂಬ ಲೆಕ್ಕ ತಲೆಯಲ್ಲೇ ನಡೆಯುತ್ತಿತ್ತು. ತಪ್ಪಿದ್ದು ಗೊತ್ತಾಗುವುದು ಮೂರು ದಿನದ ಮೇಲೆ, ಲ್ಯಾಬಿನ ಕೌಂಟರಿನಲ್ಲಿ. ಇದೇ ಹೊತ್ತಿಗೆ ವಿಡಿಯೊ ಬಂದು ಕಸುಬಿಗೆ ಹೊಸ ಬಾಗಿಲು ತೆರೆಯಿತು. ಹ್ಯಾಲೊಜನ್ ಲೈಟು ಹಿಡಿಯುವ ಹುಡುಗನಾಗಿ ಸೇರಿ, ಫೋಟೊ ಕಲಿತು, ಸ್ವಂತ ಆರ್ಡರ್ ಹಿಡಿಯುವ ದಾರಿ ಈ ತಾಲೂಕುಗಳ ಎಷ್ಟೋ ಫೋಟೊಗ್ರಾಫರರದು. ಚುನಾವಣಾ ಆಯೋಗ 1993ರಲ್ಲಿ ಭಾವಚಿತ್ರದ ಗುರುತಿನ ಚೀಟಿ ತಂದ ಮೇಲೆ ಸರಕಾರಿ ಕಾಗದಗಳಲ್ಲಿ ಮುಖದ ಬೇಡಿಕೆ ಏರುತ್ತಲೇ ಹೋಯಿತು.

ಡಿಜಿಟಲ್ ಎಸ್‌ಎಲ್‌ಆರ್ ಜಗತ್ತಿಗೆ ಬಂದದ್ದು 1991ರಲ್ಲಿ, ಕೊಡ್ಯಾಕ್ ಕಂಪನಿ ನಿಕಾನ್ ಬಾಡಿಗೆ ಜೋಡಿಸಿ ಮಾರಿದ ದುಬಾರಿ ಯಂತ್ರವಾಗಿ. ನಿಕಾನ್ 1999ರಲ್ಲಿ ಡಿ1, ಕೆನಾನ್ 2000ದಲ್ಲಿ ಡಿ30 ತಂದವು. ಸಾಮಾನ್ಯರ ಮಾತಿಗೆ ಅದು ಬಂದದ್ದು 2003ರ ಕೆನಾನ್ 300ಡಿ ಜತೆಗೆ: 63 ಲಕ್ಷ ಪಿಕ್ಸೆಲ್, ಅಮೆರಿಕದಲ್ಲಿ ಸಾವಿರ ಡಾಲರಿನೊಳಗೆ ಬೆಲೆ. ಆದರೂ ಸಣ್ಣ ಊರುಗಳಲ್ಲಿ ಅದು ತಕ್ಷಣ ನೆಲೆಯೂರಲಿಲ್ಲ. ಕ್ಯಾಮೆರಾ ಒಂದೇ ಕೊಂಡರೆ ಮುಗಿಯುತ್ತಿರಲಿಲ್ಲ. ಕಂಪ್ಯೂಟರ್, ಫೋಟೊಶಾಪ್ ಬಲ್ಲ ಹುಡುಗ, ಡಿಜಿಟಲ್ ಫೈಲಿನಿಂದ ಪ್ರಿಂಟ್ ಹಾಕುವ ಲ್ಯಾಬ್ ಇವಿಷ್ಟೂ ಬೇಕು. ಲ್ಯಾಬುಗಳು ಬದಲಾದ ಮೇಲೆಯೇ ಕ್ಯಾಮೆರಾಗಳು ಬದಲಾದವು. ಕರಿಜ್ಮಾ ಆಲ್ಬಮ್ ಎಂದು ಹೆಸರಾದ, ಪುಟವೇ ಪ್ರಿಂಟಾದ ದಪ್ಪ ಪುಸ್ತಕಕ್ಕೆ ಬೇಡಿಕೆ ಬಂದಾಗ ರೋಲು ಹಾಕುವವನಿಗೆ ಆರ್ಡರ್ ಸಿಗುವುದು ನಿಂತಿತು.

2010ರಿಂದ ಹತ್ತು ವರ್ಷ ‘ಎಂಟ್ರಿ ಲೆವೆಲ್’ ಡಿಎಸ್‌ಎಲ್‌ಆರ್‌ನ ಕಾಲ. ನಿಕಾನ್‌ನ ಡಿ3100, ಡಿ3200, ಡಿ3300, ಡಿ3400, ಡಿ3500; ಕೆನಾನ್‌ನ 1100ಡಿ, 1200ಡಿ, 1300ಡಿ, 1500ಡಿ. 18–55 ಎಂಎಂ ಲೆನ್ಸ್ ಸಮೇತ ಸುಮಾರು 25ರಿಂದ 40 ಸಾವಿರ ರೂಪಾಯಿ. ಕಬ್ಬಿನ ಬಿಲ್ಲು ಕೈಗೆ ಬಂದ ರೈತನ ಮಗನೂ ಕೊಳ್ಳಬಹುದಾದ ಬೆಲೆ. ಫೋಟೊ ಕಸುಬಿಗೆ ಕಾಲಿಡುವುದು ಈ ಸೀಮೆಯಲ್ಲಿ ಅದಕ್ಕೆ ಮೊದಲು ಅಷ್ಟು ಅಗ್ಗವಾಗಿರಲಿಲ್ಲ.

ಹೀಗೆ ಕೊಂಡವರು ಮೊದಲು ನೋಡಿದ್ದು ಮೆಗಾಪಿಕ್ಸೆಲ್. ನೋಡಬೇಕಾದ್ದು ಅದಾಗಿರಲಿಲ್ಲ. 35 ಗುಣಿಸು 45 ಮಿಲಿಮೀಟರಿನ ಪಾಸ್‌ಪೋರ್ಟ್ ಚಿತ್ರಕ್ಕೆ ಇಂಚಿಗೆ 300 ಚುಕ್ಕೆಯಂತೆ ಬೇಕಾಗುವುದು ಸುಮಾರು ಎರಡು ಲಕ್ಷ ಇಪ್ಪತ್ತು ಸಾವಿರ ಪಿಕ್ಸೆಲ್ ಮಾತ್ರ. 12 ಗುಣಿಸು 18 ಇಂಚಿನ ಆಲ್ಬಮ್ ಪುಟಕ್ಕೆ ಅದೇ ಲೆಕ್ಕದಲ್ಲಿ 5400 ಗುಣಿಸು 3600. ಡಿ3200ರ ನಂತರದ 24 ಮೆಗಾಪಿಕ್ಸೆಲ್ ಕ್ಯಾಮೆರಾ 6000 ಗುಣಿಸು 4000 ಕೊಡುತ್ತದೆ, 18 ಮೆಗಾಪಿಕ್ಸೆಲ್‌ನ 1200ಡಿ ಕೂಡ ಅದರ ಹತ್ತಿರ ಬರುತ್ತದೆ. ಹಳ್ಳಿಯ ಮನೆಯಂಗಳದ, ಸಮುದಾಯ ಭವನದ ಲಗ್ನದಲ್ಲಿ ಕೈಕೊಡುತ್ತಿದ್ದುದು ಪಿಕ್ಸೆಲ್ ಅಲ್ಲ, ಬೆಳಕು. ಕ್ಯಾಮೆರಾದೊಡನೆ ಬರುವ ಲೆನ್ಸಿನ ಬಾಯಿ ಜೂಮ್ ಮಾಡಿದಾಗ ಎಫ್5.6ಕ್ಕೆ ಕಿರಿದಾಗುತ್ತದೆ. ಎಫ್1.8ರ 50 ಎಂಎಂ ಲೆನ್ಸ್ ಅದಕ್ಕಿಂತ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅನುಭವಸ್ಥರು ಹೊಸಬರಿಗೆ ಹೇಳುತ್ತಿದ್ದುದೂ ಇದನ್ನೇ: ಬಾಡಿಯಲ್ಲಿ ಉಳಿಸು, ಲೆನ್ಸಿಗೆ ಹಾಕು.

ಆದರೆ ಅಲ್ಲಿಯೂ ಒಂದು ಕೊಕ್ಕೆ. ನಿಕಾನ್ 2006ರ ಡಿ40ಯಿಂದ ಶುರುಮಾಡಿ ತನ್ನ ಅಗ್ಗದ ಬಾಡಿಗಳಲ್ಲಿ ಫೋಕಸ್ ತಿರುಗಿಸುವ ಮೋಟಾರನ್ನು ತೆಗೆದುಹಾಕಿತು. ಹಿರಿಯರ ಬಳಿಯ ಹಳೆಯ ಎಎಫ್–ಡಿ ಲೆನ್ಸುಗಳು ಡಿ3100ರ ಮೇಲೆ ಕೂರುತ್ತವೆ, ಆದರೆ ತಾವಾಗಿ ಫೋಕಸ್ ಆಗುವುದಿಲ್ಲ. ಕಡಿಮೆ ಬೆಲೆಯೆಂದು 50 ಎಂಎಂ ಎಫ್1.8ಡಿ ಕೊಂಡವರು ಲಗ್ನದ ಗದ್ದಲದಲ್ಲಿ ಕೈಯಿಂದ ರಿಂಗ್ ತಿರುಗಿಸುತ್ತ ನಿಂತರು. ಮೋಟಾರು ಲೆನ್ಸಿನಲ್ಲೇ ಇರುವ 1.8ಜಿ ಮಾದರಿ 2011ರಲ್ಲಿ ಬಂತಾದರೂ ಬೆಲೆ ಹೆಚ್ಚು. ಕೆನಾನ್‌ನ ಇಎಫ್ ಲೆನ್ಸುಗಳಲ್ಲಿ 1987ರಿಂದಲೇ ಮೋಟಾರು ಲೆನ್ಸಿನೊಳಗಿದ್ದುದರಿಂದ ಹಳೆಯದು ಹೊಸದೆನ್ನದೆ ಎಲ್ಲವೂ ನಡೆಯುತ್ತವೆ. ಒಬ್ಬರದನ್ನೊಬ್ಬರು ಎರವಲು ಕೊಟ್ಟು ತೆಗೆದುಕೊಳ್ಳುವ ಈ ಕಸುಬಿನಲ್ಲಿ ಅದು ದೊಡ್ಡ ಅನುಕೂಲ. ಇನ್ನೊಂದೆಡೆ ಬ್ಯಾಟರಿಯ ವಿಷಯದಲ್ಲಿ ನಿಕಾನ್ ಮೇಲುಗೈ: ಒಮ್ಮೆ ಚಾರ್ಜ್ ಮಾಡಿದರೆ ಡಿ3500 ಸುಮಾರು 1550 ಚಿತ್ರ, ಕೆನಾನ್ 1500ಡಿ ಸುಮಾರು 500 ಎಂಬುದು ಕಂಪನಿಗಳದೇ ಲೆಕ್ಕ. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯ ಕೊಕ್ಕೆ ಫ್ಲ್ಯಾಶಿನದು. ಸ್ಟುಡಿಯೊ ಲೈಟುಗಳನ್ನೂ ಅಗ್ಗದ ಫ್ಲ್ಯಾಶುಗಳನ್ನೂ ಹೊಡೆಸುವುದು ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ಕೂರುವ ‘ಶೂ’ ನಡುವಿನ ಒಂದು ಪಿನ್ನು. ಕೆನಾನ್ 2018ರ 3000ಡಿ, 2019ರ 200ಡಿ ಮಾರ್ಕ್ 2 ಮಾದರಿಗಳಲ್ಲಿ ಆ ಪಿನ್ನನ್ನೇ ಕೈಬಿಟ್ಟಿತು. ಹಳೆಯ ಟ್ರಿಗರ್ ಇಟ್ಟುಕೊಂಡ ಸ್ಟುಡಿಯೊದವನಿಗೆ ಆ ಕ್ಯಾಮೆರಾ ಅರ್ಧ ಉಪಯೋಗಕ್ಕೆ ಬಾರದಾಯಿತು. 3000ಡಿಯಲ್ಲಂತೂ ಲೆನ್ಸ್ ಕೂರುವ ಬಳೆಯೂ ಪ್ಲಾಸ್ಟಿಕ್ಕಿನದು. ಎರಡು ಸಾವಿರ ಉಳಿಸಲು ಹೋಗಿ ಹೀಗೆ ಕಳೆದುಕೊಳ್ಳುವುದಕ್ಕೆ ಕಂಪನಿಗಳೇ ದಾರಿ ಮಾಡಿಕೊಟ್ಟವು ಎಂದರೆ ತಪ್ಪಿಲ್ಲ. ತೆರಿಗೆಯೂ ಹಗುರವಿರಲಿಲ್ಲ: 2017ರಲ್ಲಿ ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾದ ಮೇಲೆ ಶೇ 28 ಇತ್ತು, 2019ರ ಜನವರಿ 1ರಿಂದ ಶೇ 18ಕ್ಕೆ ಇಳಿಯಿತು.

ಈ ಅಗ್ಗದ ಕ್ಯಾಮೆರಾ ಕಸುಬಿನ ಮುಖವನ್ನೇ ಬದಲಿಸಿತು. ಬಾಡಿಗೆ ಅಂಗಡಿ, ಪರದೆ, ಡಾರ್ಕ್ ರೂಮ್ ಯಾವುದೂ ಇಲ್ಲದೆ ಬೈಕಿನ ಮೇಲೆ ಒಂದು ಬ್ಯಾಗ್ ಹೇರಿಕೊಂಡವನೂ ಫೋಟೊಗ್ರಾಫರನಾದ. ನಿಕಾನ್ ಡಿ90 2008ರಲ್ಲಿ ಡಿಎಸ್‌ಎಲ್‌ಆರ್‌ಗೆ ವಿಡಿಯೊ ತಂದ ಮೇಲೆ ಭುಜದ ಮೇಲಿನ ದೊಡ್ಡ ವಿಡಿಯೊ ಕ್ಯಾಮೆರಾಗಳು ಮೂಲೆ ಸೇರಿದವು. ‘ಟ್ರೆಡಿಷನಲ್’ ಒಬ್ಬ, ‘ಕ್ಯಾಂಡಿಡ್’ ಒಬ್ಬ ಎಂದು ಒಂದು ಲಗ್ನಕ್ಕೆ ಇಬ್ಬರು ಮೂವರು ಬೇಕಾದರು, ಪ್ರಿ–ವೆಡ್ಡಿಂಗ್ ಎಂಬ ಹೊಸ ಶಾಸ್ತ್ರವೂ ಸೇರಿಕೊಂಡಿತು. ದುಡಿಮೆ ಹೆಚ್ಚಿತು, ದರ ಮುರಿಯುವ ಪೈಪೋಟಿಯೂ ಹೆಚ್ಚಿತು. ಬಾಕಿ ವಸೂಲಿ ಮಾತ್ರ ಮೊದಲಿನಂತೆಯೇ ಉಳಿಯಿತು. ಕಾರಖಾನೆ ಬಿಲ್ಲು ಕೊಟ್ಟ ಮೇಲೆ ರೈತ, ರೈತ ಕೊಟ್ಟ ಮೇಲೆ ಫೋಟೊಗ್ರಾಫರ್. ಚಿತ್ರಗಳ ಸಂಖ್ಯೆ ಇನ್ನೂರರಿಂದ ಎರಡು ಮೂರು ಸಾವಿರಕ್ಕೆ ಏರಿದ್ದರ ಬೆಲೆಯನ್ನು ಷಟರ್ ತೆತ್ತಿತು. ನಿಕಾನ್‌ನ ಆರಂಭಿಕ ಬಾಡಿಗಳ ಷಟರನ್ನು ಪರೀಕ್ಷಿಸಿದ್ದು ಒಂದು ಲಕ್ಷ ಹೊಡೆತಕ್ಕೆ. ಸುಮಾರು ನಲವತ್ತು ಲಗ್ನಗಳಲ್ಲಿ ಆ ಲೆಕ್ಕ ತುಂಬುತ್ತದೆ, ಅಂದರೆ ಕೆಲಸ ಚೆನ್ನಾಗಿರುವವನಿಗೆ ಎರಡು ಹಂಗಾಮು.

2020ರ ಮಾರ್ಚ್‌ನ ಲಾಕ್‌ಡೌನ್ ಲಗ್ನದ ಹಂಗಾಮನ್ನು ನುಂಗಿತು. ಅದೇ ವರ್ಷಾರಂಭದಲ್ಲಿ ನಿಕಾನ್ ಮತ್ತು ಕೆನಾನ್ ತಮ್ಮ ಕೊನೆಯ ಹೊಸ ಡಿಎಸ್‌ಎಲ್‌ಆರ್‌ಗಳನ್ನು ಪ್ರಕಟಿಸಿದ್ದವು. ಮುಂದೆ ಬಂದದ್ದೆಲ್ಲ ಕನ್ನಡಿಯಿಲ್ಲದ ಮಿರರ್‌ಲೆಸ್. ಡಿ3500 ತಯಾರಿಕೆ ನಿಂತಿತು. ಪಾಸ್‌ಪೋರ್ಟ್ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕುವುದು ಸಾಮಾನ್ಯವಾಯಿತು. ಅನುಕೂಲವಿದ್ದ ಫೋಟೊಗ್ರಾಫರರು ಮಿರರ್‌ಲೆಸ್‌ಗೆ ದಾಟಿದಂತೆ ಅವರ ಹಳೆಯ ಬಾಡಿ, ಲೆನ್ಸುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಇಳಿದಿವೆ.

ಕಲಿಯಲು, ಸಣ್ಣ ಆರ್ಡರ್ ಹಿಡಿಯಲು ಮೊದಲ ಕ್ಯಾಮೆರಾ ಹುಡುಕುವವರಿಗೆ ಈ ಹಳೆಯ ಸರಕು ಇಂದಿಗೂ ಸಾಕು. ಮಧ್ಯಮ ದರ್ಜೆಯ ನಿಕಾನ್ ಡಿ7000 ಸಾಲಿನ ಬಾಡಿ ಸಿಕ್ಕರೆ ಮೋಟಾರು ಒಳಗೇ ಇರುತ್ತದೆ. ಕೆನಾನ್ ಆದರೆ ನಡುವಿನ ಪಿನ್ನು ಇರುವ ಮಾದರಿಯನ್ನು ನೋಡಿ ತೆಗೆದುಕೊಳ್ಳಬೇಕು. ಷಟರ್ ಲೆಕ್ಕ ಕೇಳಿ, ಲೆನ್ಸನ್ನು ಬೆಳಕಿಗೆ ಹಿಡಿದು ಬೂಜು ಕಟ್ಟಿದೆಯೇ ನೋಡಿ, ಉಳಿದ ದುಡ್ಡಿಗೆ ಎಫ್1.8ರ ಲೆನ್ಸ್ ಕೊಳ್ಳುವುದು ಜಾಣತನ. ಹೊಸದೇ ಬೇಕು, ಹತ್ತು ವರ್ಷ ಇದೇ ಕಸುಬು ಮಾಡಬೇಕು ಎನ್ನುವವರು ಡಿಎಸ್‌ಎಲ್‌ಆರ್‌ಗೆ ಹಣ ಹಾಕದಿರುವುದೇ ಒಳ್ಳೆಯದು.